ಕುದಿನೀರಿನ ನಲ್ಲಿ: ಯಾರ ಅನುಕೂಲ, ಯಾರ ಅಪಾಯ?



ಸಿ ರಿಂಗ್ ಮತ್ತು ಡಿ ರಿಂಗ್ ರಸ್ತೆಗಳ ನಡುವಿನ ನಮ್ಮ ಅಲ್ ಹಿಲಾಲ್‌ನಲ್ಲಿ ಯಾರಾದರೂ ಹೊಸ ಬಾಡಿಗೆ ಮನೆಗೆ ಬಂದರೆ ಮೊದಲು ಹಾಲು ಉಕ್ಕಿಸುತ್ತಾರೆ. ಊರು ಬಿಟ್ಟು ಎಷ್ಟು ವರ್ಷಗಳಾದರೂ ಈ ಶಾಸ್ತ್ರವನ್ನು ನಾವು ಬಿಟ್ಟಿಲ್ಲ. ಈಚೆಗೆ ಅಂಥದೊಂದು ಮನೆಗೆ ನಾವು ಕೆಲವರು ಹೋಗಿದ್ದೆವು. ಹಾಲು ಉಕ್ಕಿ, ಎಲ್ಲರಿಗೂ ಹಂಚಿ ಆದ ಮೇಲೆ ಮನೆಯ ಯಜಮಾನರು ನಮ್ಮನ್ನು ಸಿಂಕಿನ ಬಳಿಗೆ ಕರೆದೊಯ್ದು, ಮಾಲೀಕರ ಒಪ್ಪಿಗೆ ಪಡೆದು ಹಾಕಿಸಿದ್ದ ಹೊಸ ನಲ್ಲಿಯೊಂದನ್ನು ತೋರಿಸಿದರು. ಹಿಡಿಯನ್ನು ಎರಡು ಸಲ ಒತ್ತಿ ತಿರುಗಿಸಿದೊಡನೆ ಆವಿಯೊಂದಿಗೆ ಕುದಿನೀರು ಚಿಮ್ಮಿತು. ಕೆಟಲ್ ಬೇಡ, ಒಲೆ ಬೇಡ, ಕಾಯುವುದು ಬೇಡ. ನೋಡಿದವರೆಲ್ಲ ಬೆರಗಾದರು. ಹೊರಡುವ ಹೊತ್ತಿಗೆ ಮೂರು ಮನೆಗಳವರು ಅದರ ಬೆಲೆ ವಿಚಾರಿಸಿ ಆಗಿತ್ತು.

ಅಂದಿನಿಂದ ನಮ್ಮ ಬಳಗದಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತಿವೆ. ಒಂದು, ಇದರಷ್ಟು ಅನುಕೂಲದ ವಸ್ತು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಎರಡು, ಇದು ಕೆಟಲ್‌ಗಿಂತ ಸುರಕ್ಷಿತ. ಮೊದಲನೆಯ ಮಾತನ್ನು ನಾವು ಒಪ್ಪುವುದಿಲ್ಲ. ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಯಾರೂ ಹೇಳುತ್ತಿಲ್ಲವಾದ್ದರಿಂದ ಈ ಲೇಖನವನ್ನು ಬರೆಯಬೇಕಾಗಿ ಬಂದಿದೆ. ನಮ್ಮ ಗೆಳೆಯರ ಮನಸ್ಸನ್ನು ನೋಯಿಸುವ ಉದ್ದೇಶ ನಮಗಿಲ್ಲ. ಆದರೆ ಸುಟ್ಟ ಚರ್ಮ ಯಾರ ದಾಕ್ಷಿಣ್ಯವನ್ನೂ ನೋಡುವುದಿಲ್ಲ.

ಮೊದಲು ಈ ನಲ್ಲಿ ಏನೆಂಬುದನ್ನು ತಿಳಿಯೋಣ. 1970ರಲ್ಲಿ ನೆದರ್ಲೆಂಡ್ಸ್‌ನ ಹೆನ್ರಿ ಪೆಟೆರಿ ಎಂಬವರು ಯೂನಿಲಿವರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ದಿಢೀರ್ ಸೂಪಿನ ಬಗ್ಗೆ ಅಲ್ಲಿ ಚರ್ಚೆ ನಡೆಯುತ್ತಿದ್ದಾಗ ಅವರಿಗೆ ಹೊಳೆದದ್ದು, ಸೂಪು ದಿಢೀರ್ ಆಗಬೇಕಾದರೆ ನೀರೂ ದಿಢೀರ್ ಕುದಿಯಬೇಕಲ್ಲ ಎಂಬುದು. ಕೆಲಸ ಬಿಟ್ಟು ಮನೆಯ ನೆಲಮಾಳಿಗೆಯಲ್ಲಿ ಅವರು ಆರಂಭಿಸಿದ ಪ್ರಯೋಗವೇ ಮುಂದೆ ಕ್ವೂಕರ್ ಎಂಬ ಹೆಸರಿನ ನಲ್ಲಿಯಾಯಿತು. ಇಂದು ಬೇರೆ ಬೇರೆ ದೇಶಗಳ ಹಲವು ಕಂಪನಿಗಳು ಇಂಥವನ್ನು ತಯಾರಿಸುತ್ತಿವೆ. ತತ್ತ್ವ ಸರಳವಾಗಿದೆ. ಸಿಂಕಿನ ಕೆಳಗೆ ಚೆನ್ನಾಗಿ ಶಾಖನಿರೋಧ ಮಾಡಿದ ಮುಚ್ಚಿದ ತೊಟ್ಟಿಯೊಂದಿರುತ್ತದೆ. ಅದರಲ್ಲಿ ಕೆಲವು ಲೀಟರ್ ನೀರು ಹಗಲಿರುಳೂ ಕುದಿಬಿಂದುವಿನ ಆಸುಪಾಸಿನಲ್ಲಿರುತ್ತದೆ. ಕೆಲವು ಮಾದರಿಗಳಲ್ಲಿ ಒತ್ತಡದ ನೆರವಿನಿಂದ ನೀರು ಕುದಿಬಿಂದುವನ್ನೂ ದಾಟಿ 108 ಡಿಗ್ರಿ ಸೆಲ್ಸಿಯಸ್‌ನವರೆಗೆ ಹೋಗುತ್ತದೆ. ನಲ್ಲಿ ತೆರೆದು ಒತ್ತಡ ಇಳಿದ ಕ್ಷಣದಲ್ಲಿ ಅದರ ಒಂದು ಸಣ್ಣ ಭಾಗ ಆವಿಯಾಗಿ ಹಾರುತ್ತದೆ. ನಲ್ಲಿಯ ಬಾಯಲ್ಲಿ ಕೇಳುವ ಆ ಬುಸುಗುಟ್ಟುವಿಕೆಯ ಕಾರಣ ಇದೇ.

ಇಲ್ಲಿಯೇ ಒಂದು ಗೊಂದಲವನ್ನು ಬಗೆಹರಿಸಬೇಕು. ಅಂತರಜಾಲದ ಅಂಗಡಿಗಳಲ್ಲಿ ಅಗ್ಗದ ಬೆಲೆಗೆ ಸಿಗುವ, ನಲ್ಲಿಯ ಬಾಯಿಗೇ ಕೂರಿಸಿ ಪ್ಲಗ್ ಹಾಕುವ ವಿದ್ಯುತ್ ನಲ್ಲಿಗಳು ಕುದಿನೀರಿನ ನಲ್ಲಿಗಳಲ್ಲ. ಅವುಗಳಲ್ಲಿ ತೊಟ್ಟಿಯಿರುವುದಿಲ್ಲ. 3 ಕಿಲೋವ್ಯಾಟಿನ ಕಾಯಿಲು 30 ಡಿಗ್ರಿಯ ನೀರನ್ನು 100 ಡಿಗ್ರಿಗೆ ಏರಿಸಬೇಕಾದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರನ್ನು ಮಾತ್ರ ಬಿಡಬಹುದು. ಆದ್ದರಿಂದ ಅವು ಹೆಚ್ಚೆಂದರೆ ಪಾತ್ರೆ ತೊಳೆಯುವಷ್ಟು ಬಿಸಿ ಕೊಡುತ್ತವೆ. ಅವುಗಳ ಭಯ ಬೇರೆ ಬಗೆಯದು: ಒದ್ದೆ ಕೈ, ನೀರು ಮತ್ತು 240 ವೋಲ್ಟ್ ವಿದ್ಯುತ್ತು ಮೂರನ್ನೂ ಒಂದೇ ಗೇಣಿನೊಳಗೆ ತರುವ ವಸ್ತುಗಳವು. ಭೂಸಂಪರ್ಕ ಸರಿಯಿದೆಯೇ ಎಂದು ಯಾರೂ ನೋಡದ ಹಳೆಯ ವಿಲ್ಲಾದ ವಿಭಾಗಗಳಲ್ಲಿ ಅವನ್ನು ಹಾಕಿಸಲೇಬೇಡಿ. ಈ ವಿಷಯದಲ್ಲಿ ನಮ್ಮಲ್ಲಿ ಎರಡನೆಯ ಅಭಿಪ್ರಾಯವಿಲ್ಲ.

ಈಗ ಅನುಕೂಲದ ಮಾತಿಗೆ ಬರೋಣ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರನ್ನು ಸಾಧಾರಣ 2 ಕಿಲೋವ್ಯಾಟಿನ ಕೆಟಲ್ ಅರ್ಧ ನಿಮಿಷದಲ್ಲಿ ಕುದಿಸಬಲ್ಲದು. ಬಹುತೇಕ ಕೆಟಲ್‌ಗಳಿಗೆ ಕನಿಷ್ಠ ಅರ್ಧ ಲೀಟರ್ ನೀರು ಬೇಕೆಂದು ಲೆಕ್ಕ ಹಿಡಿದರೂ ಒಂದೂಕಾಲು ನಿಮಿಷ ಸಾಕು. ನಾವು ಸಾವಿರಾರು ರಿಯಾಲುಗಳನ್ನು ಕೊಟ್ಟು ಉಳಿಸಿಕೊಳ್ಳಹೊರಟಿರುವುದು ಈ ಒಂದೂಕಾಲು ನಿಮಿಷವನ್ನು. ಇದಕ್ಕೆ ಪ್ರತಿಯಾಗಿ ತೊಟ್ಟಿಯನ್ನು ಬಿಸಿಯಾಗಿಡಲು ಒಳ್ಳೆಯ ಮಾದರಿಗಳಿಗೂ ಸುಮಾರು 10 ವ್ಯಾಟ್ ವಿದ್ಯುತ್ತು ಸದಾ ಬೇಕು. ದಿನಕ್ಕೆ 0.24 ಯೂನಿಟ್ ಆಯಿತು. ಅಷ್ಟು ವಿದ್ಯುತ್ತಿನಲ್ಲಿ ಮೂರು ಲೀಟರ್ ನೀರನ್ನು ಕುದಿಸಬಹುದು. ಕೆಟಲ್ ತುಂಬ ನೀರು ಕುದಿಸಿ ಒಂದೇ ಲೋಟ ಬಳಸುವ ಮನೆಯಲ್ಲಿ ನಲ್ಲಿಯೇ ಮಿತವ್ಯಯದ್ದಾಗಬಹುದು, ಒಪ್ಪುತ್ತೇವೆ. ಆದರೆ ಬೇಕಾದಷ್ಟೇ ನೀರು ಹಾಕುವ ಅಭ್ಯಾಸಕ್ಕೆ ಯಾವ ಬೆಲೆಯೂ ಇಲ್ಲ, ಸಿಂಕಿನ ಕೆಳಗೆ ಜಾಗವೂ ಬೇಡ.

ಇನ್ನೂ ಮುಖ್ಯವಾದ ಪ್ರಶ್ನೆ, ನಮ್ಮ ಅಡುಗೆಮನೆಗಳಲ್ಲಿ ಅಪ್ಪಟ ಕುದಿನೀರು ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ ಎಂಬುದು. ಯುರೋಪಿನವರ ಚಹಾ ಬಟ್ಟಲಲ್ಲಿ ಪೊಟ್ಟಣ ಮುಳುಗಿಸಿ ಕುದಿನೀರು ಸುರಿದರೆ ಮುಗಿಯಿತು. ನಮ್ಮ ಚಹಾ ಹಾಲು, ಶುಂಠಿ, ಏಲಕ್ಕಿಗಳೊಂದಿಗೆ ಒಲೆಯ ಮೇಲೆಯೇ ಕುದಿಯಬೇಕು. ಕಾಫಿಯ ಡಿಕಾಕ್ಷನ್ ಬೆಳಗ್ಗೆ ಒಮ್ಮೆ ಇಳಿದರೆ ಮಧ್ಯಾಹ್ನದವರೆಗೆ ಸಾಕು. ಹಾಲನ್ನು ಹೇಗಿದ್ದರೂ ಒಲೆಯ ಮೇಲೆ ಕಾಯಿಸಲೇಬೇಕು. ಹಿರಿಯರು ಕುಡಿಯುವ ಬಿಸಿನೀರು ನಿಜಕ್ಕೂ ಬೆಚ್ಚಗಿನ ನೀರು; ಕುದಿನೀರಿಗೆ ತಣ್ಣೀರು ಬೆರೆಸಿಯೇ ಅದನ್ನು ಮಾಡಿಕೊಳ್ಳಬೇಕು. ಉಳಿದದ್ದು ಮಕ್ಕಳ ದಿಢೀರ್ ನೂಡಲ್ಸ್ ಮತ್ತು ಕಚೇರಿಯಲ್ಲಿ ಕಲಿತು ಬಂದ ಗ್ರೀನ್ ಟೀ. ಇವೆರಡಕ್ಕಾಗಿ ಅಡುಗೆಮನೆಯ ನಡುವೆ ಸದಾ ಕುದಿಯುವ ತೊಟ್ಟಿಯನ್ನು ಇಟ್ಟುಕೊಳ್ಳುವುದನ್ನು ಅಗತ್ಯವೆಂದು ಕರೆಯಲು ನಮಗೆ ನಾಲಗೆ ಬರುವುದಿಲ್ಲ.

ನೀರಿನ ಬಗೆಗೂ ಒಂದು ವಿಚಿತ್ರವನ್ನು ಗಮನಿಸಿದ್ದೇವೆ. ಕಹ್ರಮಾ ನಮಗೆ ಒದಗಿಸುವುದು ಸಮುದ್ರದ ಉಪ್ಪು ತೆಗೆದ ನೀರು. ಅದು ಕಟ್ಟಡಕ್ಕೆ ಬಂದ ಮೇಲೆ ತಾರಸಿಯ ಟ್ಯಾಂಕಿನಲ್ಲಿ ನಿಂತು ಮನೆಗೆ ಇಳಿಯುತ್ತದೆ. ಆ ಟ್ಯಾಂಕನ್ನು ತೊಳೆದು ಎಷ್ಟು ಕಾಲವಾಯಿತೆಂದು ತಿಳಿಯದ ಕಾರಣಕ್ಕೇ ನಮ್ಮಲ್ಲಿ ಬಹುತೇಕರು ನಲ್ಲಿಯ ನೀರನ್ನು ಕುಡಿಯದೆ ಐದು ಗ್ಯಾಲನಿನ ಕ್ಯಾನುಗಳನ್ನು ತರಿಸುತ್ತೇವೆ. ಆದರೆ ಅದೇ ನೀರು ಹೊಗೆಯಾಡುತ್ತ ಬಂದರೆ ಸಂಶಯವಿಲ್ಲದೆ ಕುಡಿಯುತ್ತೇವೆ! ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಟ್ಯಾಂಕಿನ ತಳದ ಕೆಸರಾಗಲಿ, ಕೊಳವೆಯ ತುಕ್ಕಾಗಲಿ, ನೀರಿನಲ್ಲಿ ಕರಗಿದ ಲವಣಗಳಾಗಲಿ ಕುದಿಯುವುದರಿಂದ ಹೋಗುವುದಿಲ್ಲ. ಅದಕ್ಕೆ ಶೋಧಕ ಬೇಕು, ಶೋಧಕವನ್ನು ಕಾಲಕಾಲಕ್ಕೆ ಬದಲಿಸಬೇಕು. ಮಾರುವವರು ಇದನ್ನು ಕೊನೆಯಲ್ಲಿ ಹೇಳುತ್ತಾರೆ. ಕೊಳ್ಳುವವರು ಅಷ್ಟರಲ್ಲಿ ಕೇಳುವುದನ್ನು ನಿಲ್ಲಿಸಿರುತ್ತಾರೆ.

ಇನ್ನು ಸುರಕ್ಷತೆ. ನಲ್ಲಿಯ ಪರವಾಗಿರುವವರ ವಾದವನ್ನು ನಾವು ಹಗುರಾಗಿ ಕಾಣುವುದಿಲ್ಲ. ಕೆಟಲ್ ಉರುಳುತ್ತದೆ. ಅದರ ತಂತಿ ಕಟ್ಟೆಯಿಂದ ಜೋತುಬಿದ್ದರೆ ಅಂಬೆಗಾಲಿಡುವ ಮಗು ಅದನ್ನು ಹಿಡಿದು ಎಳೆಯುತ್ತದೆ. ಒಂದೂವರೆ ಲೀಟರ್ ಕುದಿನೀರು ಮಗುವಿನ ಮುಖ, ಕತ್ತು, ಎದೆಯ ಮೇಲೆ ಬೀಳುತ್ತದೆ. ನಲ್ಲಿ ಉರುಳುವುದಿಲ್ಲ, ಅದಕ್ಕೆ ಜೋತುಬೀಳುವ ತಂತಿಯೂ ಇಲ್ಲ. ಒಳ್ಳೆಯ ಮಾದರಿಗಳಲ್ಲಿ ಒತ್ತಿ ತಿರುಗಿಸುವ ಬೀಗವಿದೆ. ಕೈ ಬಿಟ್ಟರೆ ಹಿಡಿ ತಾನಾಗಿ ಹಿಂದಕ್ಕೆ ಹೋಗುತ್ತದೆ. ನೀರು ಒಂದೇ ಧಾರೆಯಾಗಿ ಬೀಳದೆ ಸಣ್ಣ ಹನಿಗಳಾಗಿ ಚದುರುತ್ತದೆ. ಇಷ್ಟೂ ನಿಜ. ಈ ಅರ್ಧವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ.

ಉಳಿದ ಅರ್ಧ ಏನು? ಬೀಗವನ್ನು ತೆರೆಯುವ ಬಗೆಯನ್ನು ಅಂಗಡಿಯವರು ಕಲಿಸುವುದು ಹಣ ಕೊಟ್ಟವರಿಗೆ. ನಮ್ಮ ಅಡುಗೆಮನೆಗಳಲ್ಲಿ ದಿನವಿಡೀ ಇರುವವರು ಅವರಲ್ಲ. ಬೆಳಗ್ಗೆ ಕಚೇರಿಗೆ ಹೋದ ದಂಪತಿ ಸಂಜೆ ಮರಳುವವರೆಗೆ ಅಲ್ಲಿರುವವರು ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಬಂದ ತಾಯಿ, ತಂದೆ, ಅತ್ತೆ, ಮಾವ. ಕೈಪಿಡಿಯ ಭಾಷೆ ಗೊತ್ತಿಲ್ಲದ ಮನೆಗೆಲಸದಾಕೆ. ಮಧ್ಯಾಹ್ನ ಶಾಲೆಯಿಂದ ಬಂದು ತಾನೇ ನೂಡಲ್ಸ್ ಮಾಡಿಕೊಳ್ಳುವ ಹತ್ತು ವರ್ಷದ ಮಗು. ಅನುಕೂಲದ ಲೆಕ್ಕವನ್ನು ಬರೆದವರು ಒಬ್ಬರು, ಅಪಾಯದ ಲೆಕ್ಕವನ್ನು ತೀರಿಸಬೇಕಾದವರು ಇನ್ನೊಬ್ಬರು. ನಮ್ಮ ಮುಖ್ಯ ಆಕ್ಷೇಪವಿರುವುದು ಇಲ್ಲಿಯೇ.

ನಮ್ಮ ಬಳಗದ ಒಂದು ಮನೆಯಲ್ಲಿ ನಡೆದದ್ದನ್ನು ಆ ಮನೆಯವರ ಅನುಮತಿಯಿಂದ ಇಲ್ಲಿ ಹೇಳುತ್ತೇವೆ. ಮಗಳ ಬಾಣಂತನಕ್ಕೆಂದು ಹಾಸನದ ಕಡೆಯಿಂದ ಬಂದಿದ್ದ ತಾಯಿಯವರಿಗೆ ಅಳಿಯ ನಲ್ಲಿಯನ್ನು ಬಳಸುವ ಬಗೆಯನ್ನು ತಾಳ್ಮೆಯಿಂದ ಕಲಿಸಿದ್ದರು. ಒಂದೇ ದಿನದಲ್ಲಿ ಅವರು ಕಲಿತರು. ಒಂದು ವಾರ ಏನೂ ಆಗಲಿಲ್ಲ. ಎಂಟನೆಯ ದಿನ ಬಾಣಂತಿಗೆ ಕುಡಿಯಲು ಬಿಸಿನೀರು ಕೊಡಬೇಕೆಂದು ಅವರು ನಲ್ಲಿಯ ಕೆಳಗೆ ಹಿಡಿದದ್ದು ಊರಿನಿಂದ ತಂದಿದ್ದ ಸ್ಟೀಲ್ ಲೋಟವನ್ನು. ಪಿಂಗಾಣಿಯ ದಪ್ಪ ಬಟ್ಟಲಿಗೆ ಹಿಡಿಕೆಯಿರುತ್ತದೆ, ಅದು ನಿಧಾನವಾಗಿ ಬಿಸಿಯಾಗುತ್ತದೆ. ಸ್ಟೀಲ್ ಲೋಟದ ತೆಳುವಾದ ಗೋಡೆಯ ಒಳಗಿನ ಶಾಖ ಕ್ಷಣಮಾತ್ರದಲ್ಲಿ ಹೊರಗಿನ ಬೆರಳಿಗೆ ತಾಗುತ್ತದೆ. ಅರ್ಧ ತುಂಬುವಷ್ಟರಲ್ಲಿ ಕೈ ಸುಟ್ಟು ಲೋಟ ಜಾರಿತು, ನೀರೆಲ್ಲ ಸೀರೆಯ ನೆರಿಗೆಯ ಮೇಲೆ ಚೆಲ್ಲಿ ಪಾದಕ್ಕೆ ಇಳಿಯಿತು. ಒದ್ದೆ ಬಟ್ಟೆ ಆ ಬಿಸಿಯನ್ನು ಚರ್ಮಕ್ಕೆ ಅಂಟಿಸಿ ಹಿಡಿದಿತ್ತು.

ಬೀಗ ಕೆಲಸ ಮಾಡಿತ್ತು. ಕೈ ಬಿಟ್ಟೊಡನೆ ನಲ್ಲಿ ನಿಂತಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. "ನಲ್ಲಿಗೆ ಹೆದರಿಯೇ ಹುಷಾರಾಗಿದ್ದೆ ಕಣಪ್ಪ, ಲೋಟ ಇಷ್ಟು ಬೇಗ ಸುಡುತ್ತದೆ ಅಂತ ಗೊತ್ತಾಗಲಿಲ್ಲ" ಎಂದು ಅವರು ಅಳಿಯನಿಗೆ ಹೇಳಿದರಂತೆ. ಆ ನಲ್ಲಿಯನ್ನು ರೂಪಿಸಿದವರ ಮನಸ್ಸಿನಲ್ಲಿ ಸ್ಟೀಲ್ ಲೋಟ ಇರಲಿಲ್ಲ, ಚೊಂಬು ಇರಲಿಲ್ಲ, ಸೀರೆಯೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಇವೆಲ್ಲವೂ ಇವೆ. ಒಂದು ಮನೆಗೆ ಸುರಕ್ಷಿತವಾದ ವಸ್ತು ಇನ್ನೊಂದು ಮನೆಗೂ ಹಾಗೆಯೇ ಇರುತ್ತದೆಂದು ನಂಬಲಾಗದು. ಆ ಮನೆಯ ಪಾತ್ರೆ, ಉಡುಪು, ಅಭ್ಯಾಸಗಳೊಂದಿಗೆ ಅದು ಹೇಗೆ ಹೊಂದುತ್ತದೆಂಬುದನ್ನು ನೋಡಬೇಕು.

ಆ ದಿನದ ಎರಡನೆಯ ಪಾಠ ಮೊದಲನೆಯದಕ್ಕಿಂತ ದೊಡ್ಡದು. ಅಳಿಯ ಅತ್ತೆಯವರ ಪಾದವನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದರು. ಅದು ಜೂನ್ ತಿಂಗಳು. ತಾರಸಿಯ ಟ್ಯಾಂಕಿನಲ್ಲಿ ದಿನವಿಡೀ ಕಾದ ನೀರು ತಣ್ಣೀರಿನ ನಲ್ಲಿಯಿಂದಲೇ ಸ್ನಾನದ ನೀರಿನಂತೆ ಬಿಸಿಯಾಗಿ ಬಂತು. ದೋಹಾದ ಬೇಸಿಗೆಯಲ್ಲಿ ವಾಸಿಸಿದ ಯಾರಿಗೂ ಇದು ಹೊಸದಲ್ಲ. ಆದರೆ ಸುಟ್ಟ ಗಾಯಕ್ಕೆ ತಣ್ಣೀರು ಬೇಕಾದ ಗಳಿಗೆಯಲ್ಲಿ ಇದು ನಮ್ಮ ನೆನಪಿಗೆ ಬರುವುದಿಲ್ಲ. ಕುದಿನೀರು ಕ್ಷಣದಲ್ಲಿ ಸಿಗಬೇಕೆಂದು ಹಣ ಸುರಿಯುವ ನಾವು, ತಣ್ಣೀರು ಕ್ಷಣದಲ್ಲಿ ಸಿಗುವ ಏರ್ಪಾಟನ್ನು ಮಾಡಿಕೊಂಡಿದ್ದೇವೆಯೇ?

ಶಾಖದ ಲೆಕ್ಕ ನಿರ್ದಾಕ್ಷಿಣ್ಯವಾದದ್ದು. 49 ಡಿಗ್ರಿಯ ನೀರು ವಯಸ್ಕರ ಚರ್ಮವನ್ನು ಆಳವಾಗಿ ಸುಡಲು ಹಲವು ನಿಮಿಷಗಳು ಬೇಕು. 60 ಡಿಗ್ರಿಯಲ್ಲಿ ಐದು ಸೆಕೆಂಡುಗಳಷ್ಟೇ ಸಾಕು. 70 ಡಿಗ್ರಿಯಲ್ಲಿ ಒಂದು ಸೆಕೆಂಡು. ಮಕ್ಕಳ ಚರ್ಮ ಇನ್ನೂ ತೆಳುವು, ವೃದ್ಧರದೂ ಹಾಗೆಯೇ. ಕುದಿಬಿಂದುವಿನ ನೀರಿಗೆ ಎಚ್ಚೆತ್ತುಕೊಂಡು ಕೈ ಹಿಂದೆಗೆಯುವಷ್ಟು ಸಮಯವೇ ಇರುವುದಿಲ್ಲ. ಮಾಡಿಟ್ಟು ಕಾಲುಗಂಟೆಯಾದ ಚಹಾ ಕೂಡ ಮಗುವಿನ ಚರ್ಮವನ್ನು ಸುಡಬಲ್ಲದು. ಆದ್ದರಿಂದ ನಲ್ಲಿಯ ಬೀಗದ ಬಗ್ಗೆ ಎಷ್ಟು ಹೊಗಳಿದರೂ, ನಲ್ಲಿಯಿಂದ ಲೋಟಕ್ಕೆ, ಲೋಟದಿಂದ ಮೇಜಿಗೆ, ಮೇಜಿನಿಂದ ಮಗುವಿನ ಕೈಗೆ ಹೋಗುವ ದಾರಿಗೆ ಯಾವ ಬೀಗವೂ ಇಲ್ಲವೆಂಬುದನ್ನು ಮರೆಯಬಾರದು. ಬಿಸಿನೀರು ಎಷ್ಟು ಸುಲಭವಾಗಿ ಸಿಗುತ್ತದೋ ಅಷ್ಟು ಹೆಚ್ಚು ಸಲ ಆ ದಾರಿಯಲ್ಲಿ ಬಿಸಿ ಲೋಟಗಳು ಓಡಾಡುತ್ತವೆ.

ಕುದಿನೀರಿನ ನಲ್ಲಿ ಇಲ್ಲದ ಮನೆಗಳವರು ಇಷ್ಟು ಓದಿ ನೆಮ್ಮದಿಯ ಉಸಿರು ಬಿಡುವುದು ಬೇಡ. ನಿಮ್ಮ ಮನೆಯಲ್ಲಿಯೂ ಅದರ ಅಣ್ಣನೊಬ್ಬ ಈಗಾಗಲೇ ಇದ್ದಾನೆ. ಐದು ಗ್ಯಾಲನಿನ ಕ್ಯಾನನ್ನು ಕವುಚಿಟ್ಟ ಡಿಸ್ಪೆನ್ಸರಿನ ಕೆಂಪು ನಲ್ಲಿಯನ್ನು ಒಮ್ಮೆ ನೋಡಿ. ಅದು ಕೊಡುವುದು ಕುದಿಯುವುದಕ್ಕೆ ಕೊಂಚವೇ ಕಡಿಮೆ ಬಿಸಿಯಾದ ನೀರು, ಅದೂ ಪುಟ್ಟ ಮಗುವಿನ ಮುಖದ ಎತ್ತರದಲ್ಲಿ. ಅದರ ಮಕ್ಕಳ ಬೀಗ ಒಂದು ಪುಟ್ಟ ಪ್ಲಾಸ್ಟಿಕ್ ಗುಂಡಿ. ನಾವು ಕೆಲವು ಮನೆಗಳಲ್ಲಿ ನೋಡಿದಂತೆ ಅದು ಮುರಿದಿರುತ್ತದೆ, ಇಲ್ಲವೇ "ಪದೇ ಪದೇ ಒತ್ತುವುದು ಕಷ್ಟ" ಎಂದು ದೊಡ್ಡವರೇ ಅದನ್ನು ಕಿತ್ತಿರುತ್ತಾರೆ. ಹಿಂಬದಿಯಲ್ಲಿ ಬಿಸಿನೀರಿಗೆಂದೇ ಪ್ರತ್ಯೇಕ ಸ್ವಿಚ್ ಇರುವುದು ಅನೇಕರಿಗೆ ತಿಳಿದೇ ಇಲ್ಲ. ಸಾವಿರಾರು ರಿಯಾಲುಗಳ ನಲ್ಲಿಯ ಸುರಕ್ಷತೆಯನ್ನು ಕುರಿತು ಗಂಟೆಗಟ್ಟಲೆ ವಾದಿಸುವವರ ಮನೆಯಲ್ಲಿಯೇ ಆ ಸ್ವಿಚ್ಚು ವರ್ಷವಿಡೀ ಹಚ್ಚಿರುತ್ತದೆ.

ನಾವು ಹಳೆಯದೆಲ್ಲ ಒಳ್ಳೆಯದೆಂದು ಹೇಳುವವರಲ್ಲ. ನಮ್ಮ ಅಜ್ಜಿಯರ ಬಚ್ಚಲುಮನೆಯ ತಾಮ್ರದ ಹಂಡೆಯೂ ಮಕ್ಕಳನ್ನು ಸುಟ್ಟಿದೆ. ಬಕೆಟ್ಟಿನಲ್ಲಿ ಇಳಿಬಿಟ್ಟ ಕಾಯಿಲು ಊರಿನಲ್ಲಿ ಇಂದಿಗೂ ಜೀವ ತೆಗೆಯುತ್ತಿದೆ. ಆದರೆ ಹಂಡೆಯ ಬಗ್ಗೆ ಹಿರಿಯರಿಗೆ ಒಂದು ತಿಳಿವಳಿಕೆಯಿತ್ತು. ಅದಕ್ಕೆ ಪ್ರತ್ಯೇಕವಾದ ಕೋಣೆಯಿತ್ತು. ಬೆಂಕಿ ಉರಿಯುತ್ತಿದ್ದುದು ಕಾಣುತ್ತಿತ್ತು, ಕಟ್ಟಿಗೆ ಸಿಡಿಯುವುದು ಕೇಳುತ್ತಿತ್ತು, ಹೊಗೆ ಕಣ್ಣಿಗೆ ತಾಗುತ್ತಿತ್ತು. "ಬಚ್ಚಲೊಲೆಯ ಹತ್ತಿರ ಹೋಗಬೇಡ" ಎಂಬ ಮಾತು ಮಗುವಿನ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಂದು ಅದೇ ಹಂಡೆಯನ್ನು ಉಜ್ಜಿ ಬೆಳಗಿ, ಬಳ್ಳಿ ಹೂಗಳಿಂದ ಸಿಂಗರಿಸಿ ಪೂಜಿಸುತ್ತಿದ್ದರು. ಭಯವೂ ಗೌರವವೂ ಜೊತೆಯಾಗಿದ್ದವು. ಇಂದಿನ ನಲ್ಲಿಯ ಒಲೆ ಸಿಂಕಿನ ಕೆಳಗೆ ಅಡಗಿದೆ. ಅದು ಉರಿಯುವುದು ಕಾಣುವುದಿಲ್ಲ, ಕುದಿಯುವುದು ಕೇಳುವುದಿಲ್ಲ. ಪಾತ್ರೆ ತೊಳೆಯುವ, ಕೈ ತೊಳೆಯುವ, ಮಗು ಹಣ್ಣು ತೊಳೆಯುವ ಸಿಂಕಿಗೇ ಕುದಿನೀರೂ ಬರುತ್ತದೆ. ಇಲ್ಲಿ ಎಚ್ಚರವನ್ನು ವಸ್ತು ಹೇಳಿಕೊಡುವುದಿಲ್ಲ, ನಾವೇ ಹೇಳಿಕೊಡಬೇಕು.

"ಹಾಗಾದರೆ ಹೊಸದೇನನ್ನೂ ಕೊಳ್ಳಬಾರದೇ?" ಎಂದು ಕೇಳುವವರಿದ್ದಾರೆ. ಕೊಳ್ಳಿರಿ. ಕೈಗಳಲ್ಲಿ ಬಲವಿಲ್ಲದವರಿಗೆ, ಸಂಧಿವಾತದಿಂದ ತುಂಬಿದ ಕೆಟಲನ್ನು ಎತ್ತಲಾರದವರಿಗೆ ಈ ನಲ್ಲಿ ನಿಜವಾದ ಉಪಕಾರವೆಂಬುದನ್ನು ನಾವು ಬಲ್ಲೆವು. ಅಂಥವರ ಮನೆಯಲ್ಲಿ ಅದು ಇರಲಿ. ಆದರೆ ಗೃಹಪ್ರವೇಶಕ್ಕೆ ಬಂದವರು ಬೆರಗಾಗಲೆಂದು ಅದನ್ನು ಹಾಕಿಸುವುದಾದರೆ, ಅದಕ್ಕೆ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮನೆ ಬಾಡಿಗೆಯದು, ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಇದೆಯೇ? ಅರ್ಹತೆಯಿರುವ ಎಲೆಕ್ಟ್ರಿಷಿಯನ್ ಬಂದು ಭೂಸಂಪರ್ಕವನ್ನು ಪರೀಕ್ಷಿಸಿದ್ದಾರೆಯೇ? ಬಿಸಿಯಾಗಿ ಹಿಗ್ಗಿದ ನೀರನ್ನು ಹೊರಬಿಡುವ ಒತ್ತಡದ ಕವಾಟವನ್ನು ಕೂರಿಸಿ ಅದರ ಕೊಳವೆಯನ್ನು ಚರಂಡಿಗೆ ಸೇರಿಸಿದ್ದಾರೆಯೇ? ಕೆಟ್ಟರೆ ರಿಪೇರಿ ಮಾಡುವವರು ದೋಹಾದಲ್ಲಿ ಇದ್ದಾರೆಯೇ? ನೀವು ಮನೆ ಬಿಟ್ಟ ಮೇಲೆ ಆ ನಲ್ಲಿಯನ್ನು ಬಳಸುವ ಮುಂದಿನ ಬಾಡಿಗೆದಾರರಿಗೆ ಅದು ಏನೆಂದು ಹೇಳುವವರು ಯಾರು?

ನಲ್ಲಿ ಇರುವ ಮನೆಗಳಿಗೂ ಡಿಸ್ಪೆನ್ಸರ್ ಇರುವ ಮನೆಗಳಿಗೂ, ಅಂದರೆ ನಮ್ಮೆಲ್ಲರಿಗೂ, ಕೆಲವು ಮಾತುಗಳನ್ನು ಒತ್ತಿ ಹೇಳುತ್ತೇವೆ. ಕುದಿನೀರನ್ನು ಸ್ಟೀಲ್ ಲೋಟಕ್ಕೆ ಹಿಡಿಯಬೇಡಿ. ಹಿಡಿಕೆಯಿರುವ ದಪ್ಪ ಬಟ್ಟಲನ್ನು ನಲ್ಲಿಯ ಪಕ್ಕದಲ್ಲಿಯೇ ಇಡಿ, ಅದನ್ನು ಕೈಯಲ್ಲಿ ಹಿಡಿಯದೆ ಕೆಳಗೆ ಊರಿ ತುಂಬಿಸಿ. ಬೆಚ್ಚಗಿನ ನೀರು ಬೇಕಾದಾಗ ಬಟ್ಟಲಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಡಿಸ್ಪೆನ್ಸರಿನ ಬೀಗ ಮುರಿದಿದ್ದರೆ ಇಂದೇ ಹಿಂಬದಿಯ ಸ್ವಿಚ್ ಆರಿಸಿ. ಊರಿನಿಂದ ಹಿರಿಯರು ಬಂದ ದಿನವೇ, ಹೊಸ ಕೆಲಸದಾಕೆ ಬಂದ ದಿನವೇ, ಅವರ ಭಾಷೆಯಲ್ಲಿ, ಅವರ ಕೈಯಿಂದಲೇ ಮಾಡಿಸಿ ತೋರಿಸಿ. ಒಮ್ಮೆ ತೋರಿಸಿದರೆ ಸಾಲದು, ಒಂದು ವಾರದ ನಂತರ ಮತ್ತೊಮ್ಮೆ ತೋರಿಸಿ. ಕೆಲಸದಾಕೆ ಸುಟ್ಟುಕೊಂಡರೆ ಅದನ್ನು ಬೈಗುಳದ ಭಯವಿಲ್ಲದೆ ಹೇಳುವ ವಾತಾವರಣ ಮನೆಯಲ್ಲಿರಲಿ. ಬಚ್ಚಿಟ್ಟ ಗಾಯವೇ ಕೀವಾಗುತ್ತದೆ.

ಆದರೂ ಅವಘಡ ನಡೆದರೆ? ಮೊದಲು ಒದ್ದೆಯಾದ ಬಟ್ಟೆ, ಬಳೆ, ಉಂಗುರ, ಕಾಲ್ಚೈನುಗಳನ್ನು ತೆಗೆಯಿರಿ. ಚರ್ಮಕ್ಕೆ ಅಂಟಿದ್ದರೆ ಮಾತ್ರ ಕೀಳಬೇಡಿ. ಸುಟ್ಟ ಭಾಗದ ಮೇಲೆ ತಣ್ಣೀರನ್ನು 20 ನಿಮಿಷ ಹರಿಸಿ. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಇಂಕು ಯಾವುದೂ ಬೇಡ. ಈ ವಿಷಯದಲ್ಲಿ ಅಜ್ಜಿಯ ಮಾತನ್ನು ವಿನಯದಿಂದ ಬದಿಗಿಡಿ. ಬೇಸಿಗೆಯಲ್ಲಿ ನಲ್ಲಿಯ ನೀರು ಬಿಸಿಯಾಗಿದ್ದರೆ ಕುಡಿಯುವ ನೀರಿನ ಕ್ಯಾನನ್ನು ಬಳಸಿ. ಅದರಲ್ಲಿ ಸುಮಾರು 19 ಲೀಟರ್ ನೀರಿರುತ್ತದೆ. ನಿಮಿಷಕ್ಕೆ ಒಂದು ಲೀಟರಿನಂತೆ ಸುರಿದರೆ 20 ನಿಮಿಷಕ್ಕೆ ಬಹುತೇಕ ಸಾಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ತುಂಬಿದ ಕ್ಯಾನೊಂದು ಸದಾ ಹೆಚ್ಚುವರಿಯಾಗಿರಲಿ. ಬೇಸಿಗೆಯಲ್ಲಿ ಗೀಜರ್ ಆರಿಸಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಒಂದೆರಡು ದಿನಗಳಿಂದ ಅದು ಆರಿದ್ದರೆ ಅದರ ತೊಟ್ಟಿಯ ನೀರು ತಾರಸಿಯ ನೀರಿಗಿಂತ ತಂಪಾಗಿರುತ್ತದೆ, ಬಿಸಿನೀರಿನ ಬದಿಯನ್ನು ತಿರುಗಿಸಿ ಕೈಯಿಟ್ಟು ನೋಡಿ ಬಳಸಬಹುದು. ತಣಿಸಿದ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಕೈ, ಪಾದ, ಕೀಲುಗಳ ಮೇಲಿದ್ದರೆ, ಸುಟ್ಟವರು ಮಗುವಾಗಿದ್ದರೆ ಅಥವಾ ವೃದ್ಧರಾಗಿದ್ದರೆ ಕಾಯಬೇಡಿ. 999ಕ್ಕೆ ಕರೆ ಮಾಡಿ. ಈ ಮೂರು ಅಂಕಿಗಳು ಊರಿನಿಂದ ಬಂದ ಹಿರಿಯರಿಗೂ ಕೆಲಸದಾಕೆಗೂ ಬಾಯಿಪಾಠವಾಗಿರಲಿ.

ನಮ್ಮ ಸಂಘಕ್ಕೂ ಒಂದು ಮನವಿಯಿದೆ. ರಾಜ್ಯೋತ್ಸವಕ್ಕೆ, ಯುಗಾದಿಗೆ, ಕ್ರಿಕೆಟ್ ಪಂದ್ಯಕ್ಕೆ ನಾವು ಸಭಾಂಗಣಗಳನ್ನು ತುಂಬಿಸುತ್ತೇವೆ. ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಬೇಸಿಗೆ ಬಲಿಯುವ ಮೊದಲು, ಒಂದು ಸಂಜೆಯನ್ನು ಸುಟ್ಟ ಗಾಯದ ಪ್ರಥಮ ಚಿಕಿತ್ಸೆಗೆಂದು ಮೀಸಲಿಡೋಣ. ನಮ್ಮ ಸದಸ್ಯರಲ್ಲಿ ದಾದಿಯರಿದ್ದಾರೆ, ವೈದ್ಯರಿದ್ದಾರೆ. ಕರೆದರೆ ಸಂತೋಷದಿಂದ ಬರುತ್ತಾರೆ. ಆ ಸಂಜೆಗೆ ದಂಪತಿಗಳು ಬಂದರೆ ಸಾಲದು. ಮನೆಯಲ್ಲಿರುವ ಹಿರಿಯರೂ ಮನೆಗೆಲಸದವರೂ ಬರಬೇಕು, ಮುಂದಿನ ಸಾಲಿನಲ್ಲಿ ಕೂರಬೇಕು. ಅಡುಗೆಮನೆ ನಿಜಕ್ಕೂ ಯಾರದೋ, ಪಾಠವೂ ಅವರಿಗೇ ಸಲ್ಲಬೇಕು.

ಹಾಸನದ ಆ ತಾಯಿಯವರ ಪಾದ ಮಾಗಿದೆ. ಬಾಣಂತನ ಮುಗಿಸಿ ಅವರು ಊರಿಗೆ ಮರಳಿದ್ದಾರೆ. ಹೊರಡುವ ಮುನ್ನ ಅವರು ಮಗಳಿಗೆ ನಲ್ಲಿಯನ್ನು ಕೀಳಿಸು ಎಂದು ಹೇಳಲಿಲ್ಲ. ಸ್ಟೀಲ್ ಲೋಟಗಳನ್ನು ಮೇಲಿನ ಕಪಾಟಿನಲ್ಲಿ ಎತ್ತಿಟ್ಟು ಹೋದರು. ಮನೆಯವರು ತಮ್ಮ ಕಡೆಯಿಂದ ನಲ್ಲಿಯ ಸ್ವಿಚ್ ಆರಿಸಿ, ಮಗು ನಡೆಯಲು ಕಲಿತು ಮಾತು ಅರ್ಥವಾಗುವ ವಯಸ್ಸಿಗೆ ಬರುವವರೆಗೆ ಅದನ್ನು ಹಚ್ಚುವುದಿಲ್ಲವೆಂದು ನಿಶ್ಚಯಿಸಿದ್ದಾರೆ. ಈಗ ಅವರ ಮನೆಯಲ್ಲಿ ನೀರು ಒಲೆಯ ಹಿಂಬದಿಯ ಬರ್ನರಿನ ಮೇಲೆ ಕುದಿಯುತ್ತದೆ. ಹೆಚ್ಚೆಂದರೆ ಮೂರು ನಿಮಿಷ ಹಿಡಿಯುತ್ತದೆ. ಆ ಮೂರು ನಿಮಿಷ ಯಾರಿಗೂ ಭಾರವಾಗಿಲ್ಲ.

ನಿಮ್ಮ ಮನೆಯ ಕೆಂಪು ನಲ್ಲಿಯನ್ನು ಇಂದು ರಾತ್ರಿಯೇ ಒಮ್ಮೆ ನೋಡಿ ಬನ್ನಿ.